ಪರದೆಯ ಮೇಲೆ 'ಡಟ'

ಇವತ್ತು ಚಿತ್ರದುರ್ಗದ ನಮ್ಮ ಕಚೇರಿಗೆ ಲಿನಕ್ಸ್ ಕಂಪ್ಯೂಟರ್ ಬಂತು. ಅದಕ್ಕೆ ಹಾಕಿಕೊಳ್ಳಬಹುದಾದ ಉಚಿತ ತಂತ್ರಾಂಶಗಳ ಪಟ್ಟಿ ನೋಡುತ್ತಿದ್ದಾಗ ಒಂದು ಹೆಸರಿನ ಮೇಲೆ ಬೆರಳಿಟ್ಟು ಮತ್ತೊಮ್ಮೆ ಓದಿದೆ. ಅದು ಬರೆಯಲು ಬಳಸುವ, ಕಪ್ಪು ಪರದೆಯ ಹಳೇ ತಂತ್ರಾಂಶ.

ಐಮಂಗಲದ ಶಾಲೆಯಲ್ಲಿ ಅದನ್ನು ಮೊದಲು ತೆರೆದಿದ್ದೆ. ಕುರಿಗಳು ನುಗ್ಗುತ್ತವೆಂದು ಮೇಷ್ಟ್ರು ಕಂಪ್ಯೂಟರ್ ಕೋಣೆಗೆ ಹೊರಗಿನಿಂದ ಚಿಲಕ ಹಾಕುತ್ತಿದ್ದರು. "ಎಲ್ಲಾ ಮುಚ್ಚಿದ ಮೇಲೇ ಏಳ್ಬೇಕು. ಸುಮ್ನೆ ಸ್ವಿಚ್ ಆರ್ಸಿದ್ರೆ ಮಿಷಿನ್ ಸುಟ್ಟೋಗ್ತೈತೆ" ಎಂದು ಹೆದರಿಸಿ, ನನ್ನನ್ನು ಒಳಗೇ ಬಿಟ್ಟು ಹೋಗಿದ್ದರು. ಆ ತಂತ್ರಾಂಶದಿಂದ ಹೊರಬರಲು ಎರಡು ಚುಕ್ಕಿ ಒತ್ತಿ, ಆಮೇಲೆ ಇಂಗ್ಲಿಷಿನ ಡಬ್ಲ್ಯೂ, ಕ್ಯೂ ಒತ್ತಬೇಕೆಂದು ಬೋರ್ಡಿನ ಮೇಲಿತ್ತು. ಒತ್ತಿದೆ. ಪರದೆಯ ತಳದಲ್ಲಿ 'ಡಟ' ಎಂದು ಮೂಡಿತು. ಮತ್ತೆ ಒತ್ತಿದೆ, ಮತ್ತೆ ಡಟ. ನನ್ನ ಹೆಸರು ಬರೆಯಲೆಂದು ಕೀಲಿಮಣೆಯನ್ನು ಕನ್ನಡಕ್ಕೆ ತಿರುಗಿಸಿದ್ದೆ, ಅದರಲ್ಲಿ ಆ ಎರಡು ಕೀಲಿಗಳು ಡ, ಟ ಆಗುತ್ತವೆ; ಅದನ್ನು ವಾಪಸ್ ಇಂಗ್ಲಿಷಿಗೆ ತಿರುಗಿಸಬೇಕೆಂದು ಹೊಳೆಯಲೇ ಇಲ್ಲ. ಶಾಲೆ ಬಿಡುವ ಗಂಟೆಯೂ ಹೊಡೆಯಿತು.

ಹುಡುಕಿಕೊಂಡು ಅಪ್ಪ ಬಂದ. ಹೆಗಲ ಕಂಬಳಿಯ ಕುರಿ ವಾಸನೆ ಅವನಿಗಿಂತ ಮೊದಲೇ ಕಿಟಕಿಯೊಳಗೆ ಬಂತು.

"ಏನಾತವ್ವಾ?"

"ಹೊರಗೆ ಬರಾಕೆ ಆಗ್ತಿಲ್ಲಪ್ಪ."

ಅಪ್ಪ ಚಿಲಕ ಸರಿಸಿದ. "ಇಷ್ಟೇನಾ? ಬಾಗ್ಲು ತೆಗ್ದೈತಲ್ಲ, ಬಾ, ಹೋಗಾಣ."

ಪರದೆ ಇನ್ನೂ ಮುಚ್ಚಿರಲಿಲ್ಲ, ನಾನು ಏಳಲಿಲ್ಲ. ಎರಡು ಸಲ ಕರೆದು, ಅಪ್ಪ ಹೊಸ್ತಿಲ ಮೇಲೇ ಕುಳಿತುಬಿಟ್ಟ.

ಇವತ್ತು ಅದೇ ತಂತ್ರಾಂಶ ಹಾಕಿ, ತೆರೆದು, ಇಂಗ್ಲಿಷಿನಲ್ಲೇ ಆ ಎರಡು ಅಕ್ಷರ ಒತ್ತಿದೆ. ತಕ್ಷಣ ಮುಚ್ಚಿಕೊಂಡಿತು. ಗಂಟೆ ಆರು ದಾಟಿದೆ, ಕಚೇರಿಯ ಬಾಗಿಲು ತೆರೆದೇ ಇದೆ. ಸಾಹೇಬರು ಮಾತ್ರ "ಹೋಗಮ್ಮ" ಅಂದಿಲ್ಲ. ಕುಳಿತಿದ್ದೇನೆ.