ತಮ್ಮನ ಚಾರ್ಟು, ನಮ್ಮ ಹಸು

ಚಾರ್ಟು ನೋಡಿ ಶೇರಿನಲ್ಲಿ ದುಡ್ಡು ಮಾಡಬಹುದೇ ಎಂದು ಈಗ ನನ್ನನ್ನು ಯಾರೇ ಕೇಳಲಿ, ಉತ್ತರಕ್ಕೆ ತಡವರಿಸುವುದಿಲ್ಲ. ಆಗೊಮ್ಮೆ ಈಗೊಮ್ಮೆ ಮಾಡಬಹುದು, ಅದನ್ನೇ ನಂಬಿಕೊಂಡು ಸಂಸಾರ ತೂಗಿಸಲಾಗದು. ಕೋಲಾರದ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಗಣಿತ ಹೇಳಿಕೊಟ್ಟವಳು ನಾನು. ಗ್ರಾಫ್ ಕಂಡರೆ ಹೆದರುವವಳಲ್ಲ, ಮರುಳಾಗುವವಳೂ ಅಲ್ಲ. ಆದರೆ ನಮ್ಮ ಮನೆಯಲ್ಲೇ ಒಬ್ಬ ಮರುಳಾಗಿ ಕೂತಿದ್ದ.

ಅವನು ನನ್ನ ತಮ್ಮ. ಮಾಲೂರಿನ ಒಂದು ಫ್ಯಾಕ್ಟರಿಯಲ್ಲಿ ಮೆಷಿನ್ ಆಪರೇಟರ್, ಪರ್ಮನೆಂಟ್ ಕೆಲಸ. ಶಿವರಾತ್ರಿಗೆ ಇನ್ನೂ ಸ್ವಲ್ಪ ದಿನ ಇರುವಾಗ ಅವನ ಹೆಂಡತಿ ಫೋನ್ ಮಾಡಿ ಅಳು ನುಂಗಿಕೊಂಡೇ ಮಾತಾಡಿದಳು. "ಅಕ್ಕಾ, ಇವ್ರು ಕೆಲಸ ಬಿಡ್ತಾರಂತೆ. ಸೋಮವಾರ ಹೋಗಿ ಸೂಪರ್‌ವೈಸರ್‌ಗೆ ಹೇಳ್ಬಿಡ್ತೀನಿ, ಆಮೇಲೆ ಮನೇಲೇ ಕೂತು ಟ್ರೇಡಿಂಗ್ ಮಾಡ್ತೀನಿ ಅಂತಾರೆ. ನಾನ್ ಹೇಳಿದ್ರೆ ನಿಂಗೇನ್ ಗೊತ್ತು ಅಂತಾರೆ. ನೀವಾದ್ರೂ ಹೇಳಿ."

ನನಗೆ ಮೈಯೆಲ್ಲ ಉರಿದುಹೋಯಿತು. ಆ ಕೆಲಸ ಪರ್ಮನೆಂಟ್ ಆಗಲೆಂದು ಅವನು ಎಷ್ಟು ವರ್ಷ ಕಾದನೆಂಬುದು ನನಗೆ ಗೊತ್ತು.

ಅವನ ಹುಚ್ಚಿನ ಬೇರು ಎಲ್ಲಿದೆ ಎಂಬುದೂ ಗೊತ್ತಿತ್ತು. ನಮ್ಮ ಊರಿರುವುದು ಶ್ರೀನಿವಾಸಪುರದ ಹತ್ತಿರ. ಮಾವಿನ ಮರದ ನೆರಳಲ್ಲೇ ಬೆಳೆದವರು ನಾವು. ಮಾವು ಒಂದು ವರ್ಷ ಕೊಂಬೆ ಬಾಗುವಷ್ಟು ಬಿಟ್ಟರೆ ಮರುವರ್ಷ ಬಿಡುವು ತೆಗೆದುಕೊಳ್ಳುತ್ತದೆ. ಬಿಡುವಿನ ಮರ ಕಂಡು ನಮ್ಮೂರಿನಲ್ಲಿ ಯಾರೂ ಕೊರಗುವುದಿಲ್ಲ. ಶಕ್ತಿ ಕೂಡಿಸಿಕೊಳ್ತಾ ಇದೆ, ಬರೋ ವರ್ಷ ನೋಡು ಎನ್ನುತ್ತಾರೆ. ನನ್ನ ತಮ್ಮ ಇದೇ ಮಾತನ್ನು ಎತ್ತಿಕೊಂಡುಹೋಗಿ ಶೇರು ಪೇಟೆಯಲ್ಲಿ ನೆಟ್ಟಿದ್ದ. ಬೆಲೆ ಇಳಿದು ತಿಂಗಳುಗಟ್ಟಲೆ ಮಿಸುಕದೆ ಬಿದ್ದಿರುವ ಶೇರುಗಳನ್ನೇ ಹುಡುಕಿ ಹುಡುಕಿ ಕೊಳ್ಳುತ್ತಿದ್ದ. "ಇದು ಬಿಡುವಲ್ಲಿದೆ ಅಕ್ಕಾ, ಮುಂದಿನ್ ಸಾರಿ ಕಾಯಿ ಕಟ್ತದೆ" ಎನ್ನುತ್ತಿದ್ದ. ಒಂದೆರಡು ನಿಜಕ್ಕೂ ಕಾಯಿ ಕಟ್ಟಿದವು. ಗ್ರಹಚಾರ ಹತ್ತಿದ್ದು ಅಲ್ಲೇ. ತೋಟದಲ್ಲಾದರೆ ಬಿಡುವಿನ ಮರ ಯಾವುದು, ಒಣಗಿದ ಮರ ಯಾವುದು ಎಂದು ಎಲೆ ನೋಡಿ ಹೇಳಬಹುದು. ಚಾರ್ಟಿನಲ್ಲಿ ಎರಡೂ ಒಂದೇ ಅಡ್ಡಗೆರೆ.

ಅವನ ನಂಬಿಕೆಗೆ ಇಂಗ್ಲಿಷ್ ಹೆಸರು ಕೊಟ್ಟು ಬೆನ್ನು ತಟ್ಟಿದವರು ಮುಳಬಾಗಿಲಿನ ಭಾನುವಾರದ ಟ್ರೇಡಿಂಗ್ ಕ್ಲಾಸಿನವರು. ಒಮ್ಮೆ ನನ್ನನ್ನೂ ಕರೆದುಕೊಂಡು ಹೋಗಿದ್ದ. ದೋಸೆ ಹೋಟೆಲ್ಲಿನ ಮೇಲಿನ ಮಹಡಿಯಲ್ಲಿ ಕ್ಲಾಸು, ಕೆಳಗಿನಿಂದ ತುಪ್ಪದ ಘಮ. ಮೇಷ್ಟ್ರು ಚೆನ್ನಾಗಿಯೇ ಮಾತಾಡಿದರು. ಗೆರೆ ಒಂದು ಮಟ್ಟ ದಾಟಿದರೆ ಬ್ರೇಕೌಟ್, ಆಗ ಕೊಳ್ಳಬೇಕು ಎಂದರು.

"ದಾಟಿದ್ಮೇಲೂ ಬಿದ್ದೋದ್ರೆ ಸಾರ್?" ಎಂದೆ.

"ಅದು ಫಾಲ್ಸ್ ಬ್ರೇಕೌಟ್ ಮೇಡಂ."

"ಅದು ಫಾಲ್ಸ್ ಅಂತ ಯಾವಾಗ ಗೊತ್ತಾಗ್ತದೆ?"

"ಬಿದ್ದ ಮೇಲೆ."

ನಾನು ಜೋರಾಗಿ ನಕ್ಕುಬಿಟ್ಟೆ. ಎದ್ದರೂ ಗೆದ್ದೆ, ಬಿದ್ದರೂ ಗೆದ್ದೆ ಎನ್ನುವ ವಿದ್ಯೆಯನ್ನು ತಪ್ಪೆಂದು ತೋರಿಸುವುದಾದರೂ ಹೇಗೆ? ಆ ದಿನ ನಮಗಾದ ಖಚಿತ ಲಾಭವೆಂದರೆ ಕೆಳಗೆ ತಿಂದ ದೋಸೆ. ಅದನ್ನು ಬಾಯಿಬಿಟ್ಟು ಹೇಳಿದ್ದಕ್ಕೆ ತಮ್ಮ ಕೋಲಾರ ಬರುವವರೆಗೂ ಮುಖ ಊದಿಸಿಕೊಂಡೇ ಇದ್ದ.

ಹೀಗಾಗಿ ಅವನ ಹೆಂಡತಿ ಫೋನ್ ಮಾಡಿದಾಗ, ಬೈದು ಪ್ರಯೋಜನವಿಲ್ಲ, ಪರೀಕ್ಷೆ ಇಡಬೇಕು ಎಂದುಕೊಂಡೆ. ಊರಿನಲ್ಲಿ ಅಮ್ಮನಿಗೆ ಒಂದೇ ಹಸು. ಡೈರಿಗೆ ಹಾಲು ಹಾಕಿದಾಗಲೆಲ್ಲ ಎಷ್ಟು ಲೀಟರ್, ಎಷ್ಟು ಫ್ಯಾಟ್ ಎಂದು ಮೆಸೇಜ್ ಬರುತ್ತದೆ. ಅಮ್ಮನಿಗೆ ಓದಲು ಬಾರದು, ಅದಕ್ಕೇ ನನ್ನ ನಂಬರ್ ಕೊಟ್ಟಿದ್ದೇವೆ. ಹಾಲಿನ ಫ್ಯಾಟು, ಅಂದರೆ ಜಿಡ್ಡಿನ ಅಂಶ, ದಿನವೂ ಒಂದಿಷ್ಟು ಏರುತ್ತದೆ, ಇಳಿಯುತ್ತದೆ. ದೀಪಾವಳಿಯಿಂದೀಚಿನ ಬೆಳಗಿನ ಫ್ಯಾಟನ್ನೆಲ್ಲ ಕಂಪ್ಯೂಟರಿಗೆ ಹಾಕಿ ಗೆರೆ ಎಳೆದೆ. ತಾರೀಕು, ಅಂಕಿ ಎರಡನ್ನೂ ಅಳಿಸಿದೆ. ನಿಜವಾದ ಕೆಲವು ಶೇರುಗಳ ಚಾರ್ಟಿನ ಜೊತೆ ಸೇರಿಸಿ ಪ್ರಿಂಟ್ ತೆಗೆದೆ. ಹಸುವಿನ ಫ್ಯಾಟನ್ನೂ ಶೇರೆಂದು ತಿಳಿದು ಇವನು ಭವಿಷ್ಯ ಹೇಳುತ್ತಾನೆ, ಅದು ಸುಳ್ಳಾಗುತ್ತದೆ, ಅಲ್ಲಿಗೆ ಮುಗಿಯಿತು. ನನಗೆ ಅನುಮಾನವೇ ಇರಲಿಲ್ಲ.

ಭಾನುವಾರ ಎಲ್ಲರೂ ಊರಲ್ಲಿ ಸೇರಿದೆವು. "ಏಮ್ರಾ, ತಿನಿ ಮಾಟ್ಲಾಡಂಡ್ರಾ" ಎಂದು ಅಮ್ಮ ತೆಲುಗಿನಲ್ಲಿ ಗದರಿ, ಮೊದಲು ಉಣ್ಣಿ ಆಮೇಲೆ ಮಾತು ಎಂದು ಮುದ್ದೆ ಬಡಿಸಿದಳು. ಉಂಡಮೇಲೆ ಅಮ್ಮ ಹುಲ್ಲು ತರಲು ಹೊರಟಳು. ನಾವು ಜಗುಲಿಯ ಮೇಲೆ ಪ್ರಿಂಟ್ ಹರಡಿಕೊಂಡು ಕೂತೆವು. ತಮ್ಮನ ಹೆಂಡತಿ ಮಾತ್ರ ಕೂರಲಿಲ್ಲ, ಕಂಬಕ್ಕೆ ಒರಗಿ ನಿಂತೇ ನೋಡುತ್ತಿದ್ದಳು.

ಹಸುವಿನ ಹಾಳೆ ಬಂದಾಗ ಬಲಗಡೆಯ ಭಾಗವನ್ನು ತಟ್ಟೆಯಿಂದ ಮುಚ್ಚಿ, "ಇದನ್ನ ಹೇಳು" ಎಂದೆ.

ಪೆನ್ಸಿಲ್ಲಿನಲ್ಲಿ ಮೇಲೊಂದು ಕೆಳಗೊಂದು ಗೆರೆ ಎಳೆದ. ಕಣ್ಣು ಕಿರಿದು ಮಾಡಿ ನೋಡಿದ. "ಒಳ್ಳೇ ಬಿಡುವಲ್ಲಿತ್ತು ಅಕ್ಕಾ ಇದು. ಈಗ ನೋಡು, ಮೇಲಿನ್ ಗೆರೆ ದಾಟ್ತಾ ಇದೆ. ನಾನಾದ್ರೆ ಕಣ್ಮುಚ್ಕೊಂಡ್ ತಗೋತೀನಿ. ಏರ್ತದೆ."

ತಟ್ಟೆ ತೆಗೆದೆ. ಗೆರೆ ನೆಟ್ಟಗೆ ಮೇಲೆ ಹೋಗಿ ಅಲ್ಲೇ ನಿಂತಿತ್ತು.

ಪ್ರಿಂಟ್ ತೆಗೆಯುವಾಗ ಆ ಏರು ನನ್ನ ಕಣ್ಣಿಗೂ ಬಿದ್ದಿತ್ತು. ಅದನ್ನೇ ಇವನು ಹೇಳಿಬಿಡುತ್ತಾನೆಂದು ಮಾತ್ರ ಎಣಿಸಿರಲಿಲ್ಲ. "ಲೇ, ಅದು ಶೇರಲ್ಲ ಕಣೋ! ನಮ್ಮ ಹಸೂ ಹಾಲಿನ ಫ್ಯಾಟು!" ಎಂದೆ. ಇಷ್ಟು ಹೇಳಿದರೆ ನಾಚಿಕೊಳ್ಳುತ್ತಾನೆ ಎಂದುಕೊಂಡಿದ್ದೆ. ಅವನು ಜಗುಲಿಯಿಂದ ಕೆಳಕ್ಕೆ ನೆಗೆದು ಚಪ್ಪಾಳೆ ತಟ್ಟಿದ.

"ನೋಡ್ದಾ! ಹಸೂಗೂ ಕೆಲಸ ಮಾಡ್ತದೆ ಅಂದ್ಮೇಲೆ ಕಂಪ್ನಿಗೆ ಮಾಡಲ್ವಾ? ಇನ್ನೇನ್ ಬೇಕು ನಿಂಗೆ?"

ಅವನ ಹೆಂಡತಿ ನನ್ನ ಮುಖ ನೋಡಿದಳು. ಸೋಮವಾರಕ್ಕೆ ಉಳಿದಿದ್ದುದು ಒಂದೇ ರಾತ್ರಿ. ಅವನನ್ನು ತಡೆಯಲು ಬಂದವಳು ನಾನೇ ಅವನನ್ನು ಅತ್ತ ನೂಕಿದ ಹಾಗಾಯಿತು. ಒಂದು ಸಲ ಸರಿಹೋಗುವುದು ಯಾವ ಲೆಕ್ಕ, ನಾಣ್ಯ ಚಿಮ್ಮಿದರೂ ಅರ್ಧ ಸಲ ಸರಿಹೋಗುತ್ತದೆ ಎಂದು ಏನೇನೋ ಹೇಳಿದೆ. ಅವನ ಕಿವಿಗೆ ಒಂದೂ ಬೀಳಲಿಲ್ಲ.

"ಕ್ಲಾಸಲ್ಲಿ ತೋರಿಸ್ತೀನಿ ಇದನ್ನ. ಏರಿದ್ದು ಯಾವ ತಾರೀಕು, ಕೊಡು ಇಲ್ಲಿ" ಎಂದು ನನ್ನ ಫೋನ್ ಕಿತ್ತುಕೊಂಡು ಡೈರಿಯ ಮೆಸೇಜುಗಳನ್ನು ಹಿಂದಕ್ಕೆ ಸರಿಸುತ್ತಾ ಹೋದ. ಸಂಕ್ರಾಂತಿಯ ಹತ್ತಿರ ಬಂದು ಬೆರಳು ನಿಂತಿತು. ಮತ್ತೆ ಮುಂದಕ್ಕೆ ಹೋದ, ಮತ್ತೆ ಹಿಂದಕ್ಕೆ ಬಂದ. ನಗು ಇಳಿದುಹೋಗಿತ್ತು.

"ಏನಾಯ್ತೋ?"

"ಹಬ್ಬದ ಮಾರನೇ ದಿನದಿಂದ ಏರಿದೆ ಅಕ್ಕಾ." ಮೆಲ್ಲಗೆ ಹೇಳಿದ. "ಹಬ್ಬದ ದಿನಾನೇ ಅಲ್ವಾ ಕರು ಸತ್ತಿದ್ದು."

ಅವನು ಹೇಳಿದ ಮೇಲೆ ನನಗೂ ಹೊಳೆಯಿತು. ಅಮ್ಮ ಎಂದೂ ಕೆಚ್ಚಲು ಬರಿದು ಮಾಡಿ ಕರೆದವಳಲ್ಲ. ಕಡೆಯ ಹಾಲು ಕರುವಿಗೆಂದು ಬಿಟ್ಟೇ ಏಳುತ್ತಾಳೆ. ಜಿಡ್ಡೆಲ್ಲ ಇರುವುದು ಆ ಕಡೆಯ ಹಾಲಿನಲ್ಲಿ. ಕರು ಹೋದಮೇಲೆ ಅದೂ ಕ್ಯಾನಿಗೆ ಬಿತ್ತು, ಫ್ಯಾಟು ಏರಿತು. ಗೆರೆಗೆ ಅರ್ಥವೇ ಇಲ್ಲ ಎಂದು ವಾದಿಸಲು ನಾನು ಅದನ್ನು ತಂದಿದ್ದೆ. ಎಲ್ಲ ಅರ್ಥವೂ ಗೆರೆಯಲ್ಲೇ ಇದೆ ಎಂದು ಅವನು ಓದಿದ್ದ. ಕರುವಿನ ನೆನಪು ಇಬ್ಬರಿಗೂ ಬಂದಿರಲಿಲ್ಲ. ಆ ಏರು ಕಂಡು ಪರವಾಗಿಲ್ಲವೇ, ಹಾಲಿಗೆ ಹೆಚ್ಚು ದುಡ್ಡು ಬರುತ್ತದೆ ಎಂದು ನಾನು ಹಿಗ್ಗಿದ್ದೂ ಉಂಟು. ನೆನೆದು ಸಂಕಟವಾಯಿತು.

ತಮ್ಮ ಹಾಳೆಯನ್ನು ಮತ್ತೆ ಕೈಗೆತ್ತಿಕೊಂಡ. "ಹಿತ್ತಲಲ್ಲಿ ಗುಂಡಿ ತೆಗ್ದಿದ್ದು ನಾನೇ ಅಕ್ಕಾ. ಮಣ್ಣು ಎಳ್ದಿದ್ದೂ ನಾನೇ. ಅಮ್ಮ ಅವತ್ತು ಊಟ ಮಾಡ್ಲಿಲ್ಲ. ಎಲ್ಲಾ ಕಣ್ಣಾರೆ ನೋಡಿದ್ದೀನಿ. ಆದ್ರೂ ಈ ಗೆರೆ ನೋಡಿ ಕಣ್ಮುಚ್ಕೊಂಡ್ ತಗೋತೀನಿ ಅಂದೆ."

ನಾನು ಹರಡಿದ್ದ ಉಳಿದ ಹಾಳೆಗಳನ್ನು ಒಟ್ಟು ಮಾಡತೊಡಗಿದೆ.

"ನಮ್ಮನೆ ಕೊಟ್ಟಿಗೇಲಿ ಆಗಿದ್ದೇ ನಂಗೆ ಇದ್ರಲ್ಲಿ ಕಾಣಿಸ್ಲಿಲ್ಲ. ಯಾವತ್ತೂ ಬಾಗಿಲು ತುಳೀದೇ ಇರೋ ಕಂಪ್ನಿಗಳಲ್ಲಿ ಏನ್ ಸತ್ತಿದೆ, ಏನ್ ಹುಟ್ಟಿದೆ ಅಂತ ನಂಗೇನ್ ಗೊತ್ತು?"

ಹಾಳೆಯನ್ನು ಮಡಚಿ ನನ್ನ ಕೈಗಿಟ್ಟು, ಲುಂಗಿ ಕೊಡವಿಕೊಂಡು ಹೆಂಡತಿಯ ಕಡೆ ತಿರುಗಿದ.

"ಬಿಸಿಲಿಳೀತಿದ್ದ ಹಾಗೇ ಹೊರಡೋಣ ಕಣೇ. ನಾಳೆ ನಂದು ಫಸ್ಟ್ ಶಿಫ್ಟು."

ಅಷ್ಟು ಹೊತ್ತೂ ಕಂಬದ ಬಳಿ ನಿಂತೇ ಇದ್ದವಳು ಸೆರಗಿನಿಂದ ಮುಖ ಒರೆಸಿಕೊಂಡು ಜಗುಲಿಯ ಮೇಲೆ ಕೂತಳು.