ರಾಜನ ಬೆನ್ನಿಗೆ ಬಿದ್ದ ಚಪ್ಪಾಳೆ

ಶಿವಗಂಗವ್ವ ಪುಣೆಯ ಕಸಬಾ ಪೇಠೆಯಲ್ಲಿ ಕೌದಿ ಹೊಲಿದು ಬದುಕಿದವಳು. ವಿಜಾಪುರದ ಕಡೆಯಿಂದ ಗಂಡನ ಜೊತೆ ಬಂದು, ಗಂಡ ತೀರಿಕೊಂಡ ಮೇಲೂ ಅದೇ ವಾಡೆಯ ಅದೇ ಖೋಲಿಯಲ್ಲಿ ಉಳಿದಳು. ಹಳೆಯ ಸೀರೆ, ಧೋತರ ಏನು ಕೊಟ್ಟರೂ ತುಂಡು ತುಂಡು ಜೋಡಿಸಿ, ಆನೆ, ನವಿಲು, ಜಗಳಾಡುವ ಅತ್ತೆ ಸೊಸೆ ಎಲ್ಲರನ್ನೂ ಅದರ ಮೇಲೆ ಮೂಡಿಸುತ್ತಿದ್ದಳು. ಹೊಲಿಗೆಯಲ್ಲಿ ತಪ್ಪು ಹುಡುಕಿದವರ ಮನೆಗೆ ಮತ್ತೆ ಕಾಲಿಡುತ್ತಿರಲಿಲ್ಲ.

ಉಪ್ಪಿನ ಸತ್ಯಾಗ್ರಹದ ವರ್ಷ ಅಲ್ಲಿನ ಕನ್ನಡಿಗರು ಒಂದು ನಾಟಕ ಆಡಲು ಹೊರಟರು. ಬರೆದವನು ಶಾಲೆಯ ಮಾಸ್ತರ ಪ್ರಲ್ಹಾದ. ಪ್ರಜೆಗಳ ಉಪ್ಪು ಕಸಿದುಕೊಂಡ ರಾಜನನ್ನು ಕೊನೆಗೆ ಹೆಂಗಸರು ಲಟ್ಟಣಿಗೆ ಹಿಡಿದು ಅಟ್ಟುವ ಕಥೆ. ರಾಜನ ಪಾತ್ರ ಅರಿವೆ ಅಂಗಡಿಯ ಗುಮಾಸ್ತ ಅಪ್ಪಾಸಾಹೇಬರದು, ಉಡುಪಿನ ಕೆಲಸ ಶಿವಗಂಗವ್ವನದು. ತಾಲೀಮಿನಲ್ಲಿ ಅಟ್ಟುವ ದೃಶ್ಯ ಬಂದಾಗಲೆಲ್ಲ ಅವಳು ಸೂಜಿ ಕೆಳಗಿಟ್ಟು ನಗುತ್ತಿದ್ದಳು.

ಪರವಾನಗಿಗೆಂದು ಪೊಲೀಸ್ ಕಚೇರಿಗೆ ಹೋದ ನಾಟಕ ಮೈತುಂಬ ಕೆಂಪು ಗೀಟು ಹೊತ್ತು ಮರಳಿತು. ಉಪ್ಪು ಎಂಬ ಮಾತು ಎಲ್ಲಿದ್ದರೂ ಹೊಡೆದುಹಾಕಿದ್ದರು. ಸಾರಿಗೆ ಉಪ್ಪು ಸಾಲದು ಎಂದು ಅಡಿಗೆಯವನು ಹೇಳುವುದನ್ನೂ ಬಿಟ್ಟಿರಲಿಲ್ಲ.

“ಇನ್ನ ರಾಜಾ ಬರ್ತಾನ, ಕುಂಡ್ರತಾನ, ಉಣ್ತಾನ. ಅಷ್ಟ!” ಪ್ರಲ್ಹಾದ ತಲೆ ಹಿಡಿದುಕೊಂಡ.

“ಲಟ್ಟಣಗಿ ಸೀನೂ ತಗದಾರೇನ್ರಿ?” ಶಿವಗಂಗವ್ವನಿಗೆ ಸಿಟ್ಟು ನೆತ್ತಿಗೇರಿತು. ರಾಜನ ಮಖಮಲ್ಲಿನ ನಿಲುವಂಗಿಯನ್ನು ಸುತ್ತಿಕೊಂಡು ಮನೆಗೆ ನಡೆದಳು.

ನಾಟಕದ ದಿನ ಕನ್ನಡ ಬಲ್ಲ, ಧಾರವಾಡದ ಕಡೆಯ ಪೊಲೀಸ್ ಫೌಜದಾರ ಶಿವಪುತ್ರಪ್ಪ ಮುಂದಿನ ಸಾಲಿನಲ್ಲಿ ಕುಳಿತರು. ತೊಡೆಯ ಮೇಲೆ ಪರವಾನಗಿ ಪಡೆದ ಪ್ರತಿ. ನಟರು ಆಡುವ ಒಂದೊಂದು ಮಾತಿಗೂ ಬೆರಳಿಟ್ಟು ಓದಿಕೊಳ್ಳುವುದೇ ಅವರ ಕೆಲಸ.

ಶಿವಗಂಗವ್ವ ತಾನೇ ಹಿಂದೆ ನಿಂತು ಅಪ್ಪಾಸಾಹೇಬರಿಗೆ ನಿಲುವಂಗಿ ತೊಡಿಸಿದಳು. ಅವರಿಗಿದ್ದದ್ದು ಕೈಗನ್ನಡಿ ಮಾತ್ರ. ಅದರಲ್ಲಿ ಅವರು ಮೀಸೆ ನೋಡಿಕೊಂಡರು.

ರಾಜ ಬಂದ, ಸಿಂಹಾಸನದತ್ತ ತಿರುಗಿದ. ಜನ ಹೋ ಎಂದು ನಕ್ಕರು. ಬೆನ್ನ ತುಂಬ ಬಣ್ಣಬಣ್ಣದ ತುಂಡುಗಳ ಚಿತ್ರ: ದೊಡ್ಡ ಟೋಪಿಯ ದೊರೆ ಉಪ್ಪಿನ ಚೀಲ ಬಿಸಾಕಿ ಓಡುತ್ತಿದ್ದಾನೆ, ಹಿಂದೆ ಲಟ್ಟಣಿಗೆ ಎತ್ತಿದ ಹೆಂಗಸರು!

ಫೌಜದಾರರು ಥಟ್ಟನೆ ತಲೆ ಎತ್ತಿದರು. ಅಷ್ಟರಲ್ಲಿ ರಾಜ ಈ ಕಡೆ ಮುಖ ಮಾಡಿ ಕುಳಿತಾಗಿತ್ತು. “ಬಂದೆ, ಕುಳಿತೆ” ಎಂಬುದರಲ್ಲಿ ನಗುವಂಥದ್ದೇನಿದೆ ಎಂದು ಅವರು ಪುಟ ಹಿಂದೆ ಮುಂದೆ ತಿರುವಿದರು.

ಅಪ್ಪಾಸಾಹೇಬರಿಗೆ ಮಾತ್ರ ಹುರುಪು ಬಂದುಬಿಟ್ಟಿತು. ತಿರುಗಿದರೆ ಚಪ್ಪಾಳೆ ಬೀಳುತ್ತದೆಂದು ಗೊತ್ತಾದ ಮೇಲೆ ಸುಮ್ಮಸುಮ್ಮನೆ ತಿರುಗತೊಡಗಿದರು. ಒಮ್ಮೆ ಸಿಂಹಾಸನದಿಂದ ಜಾರಿ ಅಂಗಾತ ಬಿದ್ದರು. ಊಟಕ್ಕೂ ಬೆನ್ನು ಮಾಡಿಯೇ ಕುಳಿತರು. ಜನ ಹೊಟ್ಟೆ ಹಿಡಿದುಕೊಂಡು ಬಿದ್ದು ಬಿದ್ದು ನಕ್ಕರು. ಫೌಜದಾರರು ಮಾತ್ರ ತಲೆ ಬಗ್ಗಿಸಿ ಅಕ್ಷರ ಹುಡುಕುತ್ತಲೇ ಇದ್ದರು. ಕೊನೆಗೆ ತಡೆಯಲಾರದೆ ರಂಗದ ಮೇಲೇ ಹತ್ತಿದರು.

“ಏನ್ರೀ ಅಪ್ಪಾಸಾಹೇಬ, ಇದರಾಗ ಇಲ್ಲದ ಯಾವ ಮಾತ ಸೇರಿಸಾಕ್ಹತ್ತೀರಿ?”

ನಾಟಕದ ನಡುವೆ ತಡೆದದ್ದಕ್ಕೆ ಅಪ್ಪಾಸಾಹೇಬರಿಗೆ ಅವಮಾನವಾಯಿತು. ಸಿಟ್ಟಿನಿಂದ ಬೆನ್ನು ತಿರುಗಿಸಿ ನಿಂತರು.

ನಾಟಕ ಅಲ್ಲಿಗೆ ನಿಂತಿತು. ಅಪ್ಪಾಸಾಹೇಬರು ರಾಜನ ವೇಷದಲ್ಲೇ ಪೊಲೀಸ್ ಚೌಕಿಗೆ ಹೋಗಬೇಕಾಯಿತು. ಶಿವಗಂಗವ್ವ ಬೆನ್ನಟ್ಟಿ ಓಡಿದಳು.

“ಹೊಲಿದಾಕಿ ನಾ ರೀ. ಅವರಿಗೇನೂ ಗೊತ್ತಿಲ್ಲ, ಅವರನ್ನ ಬಿಡ್ರಿ.”

“ಈ ಟೋಪಿಯವ ಯಾರವ್ವ?” ಫೌಜದಾರರು ಕೇಳಿದರು.

“ಓಡಿ ಹೊಂಟಾಂವ ರೀ.”

ಫೌಜದಾರರು ವರದಿ ಬರೆಯಲು ಲೇಖನಿ ಹಿಡಿದರು. ಓಡುತ್ತಿರುವವರು ಸರಕಾರದವರು ಎಂದು ಸ್ವಂತ ಕೈಯಿಂದ ಬರೆಯಲು ಅವರಿಗೆ ಮನಸ್ಸಾಗಲಿಲ್ಲ. ಬಹಳ ಹೊತ್ತು ಮೀಸೆ ತಿರುವಿ, “ನನ್ನ ಮುಂದ ಕುಂತು ಈ ಹೊಲಿಗಿ ಎಲ್ಲಾ ಬಿಚ್ಚು. ಆಮ್ಯಾಲೆ ಇವರನ್ನ ಕರ್ಕೊಂಡು ಹೋಗು,” ಎಂದರು.

ಶಿವಗಂಗವ್ವ ಕುಳಿತು ಒಂದೊಂದೇ ದಾರ ಬಿಚ್ಚಿದಳು. ಕಣ್ಣಲ್ಲಿ ನೀರಿತ್ತು, ಬಾಯಿ ಮಾತ್ರ ಸುಮ್ಮನಿರಲಿಲ್ಲ.

“ಲಗೂ ಬಿಚ್ಚವ್ವಾ!”

“ಹರದ್ರ ಮಖಮಲ್ ಕೆಡ್ತದ್ರಿ. ಹೊಲಿಗಿ ಗಟ್ಟಿ ಅದ, ನನ್ನ ಕೈಯಾಂದು.”

ಬೆಳಗಾದ ಮೇಲೆ ಇಬ್ಬರೂ ಹೊರಬಿದ್ದರು. ಅಪ್ಪಾಸಾಹೇಬರು ಬುಧವಾರ ಪೇಠೆ ಬರುವ ತನಕ ಮುಂದೆ ಮುಂದೆಯೇ ನಡೆದರು. ಚೌಕಿಯಲ್ಲಿ ಕೂಡಿಹಾಕಿದ್ದಕ್ಕಿಂತ, ಜನ ನಕ್ಕ ನಗು ತಮ್ಮ ನಟನೆಗಲ್ಲವೆಂಬುದೇ ಅವರನ್ನು ಹೆಚ್ಚು ಸುಡುತ್ತಿತ್ತು.

“ತಪ್ಪಾತ್ರಿ, ನಿಮಗೊಂದ ಮಾತ ಹೇಳಬೇಕಾಗಿತ್ತು,” ಎಂದಳು ಶಿವಗಂಗವ್ವ.

ಅವರು ನಿಂತರು. “ಸಿಂಹಾಸನದಿಂದ ಜಾರಿ ಬಿದ್ನಲ್ಲಾ, ಆವಾಗ ಬೆನ್ನು ನೆಲಕ್ಕಿತ್ತು. ಆ ನಗಿ ಯಾರದು?”

ನಾಟಕದಲ್ಲಿ ಆ ಹೊತ್ತಿಗೆ ಅವಳು ಪರದೆಯ ಹಿಂದೆ ಸೂಜಿಗೆ ದಾರ ಪೋಣಿಸುತ್ತಿದ್ದಳು. ಅವರು ಬಿದ್ದದ್ದನ್ನೇ ನೋಡಿರಲಿಲ್ಲ.

“ಅದು ನಿಮ್ಮದ ರೀ,” ಎಂದಳು. “ಭಾಳ ಚಲೋ ಬಿದ್ರಿ.”