ಅಳತೆಯಣ್ಣ ಕೊಟ್ಟ ರಕ್ತ

ಕಾಲು ನೋಡಿಯೇ ಚಪ್ಪಲಿಯ ನಂಬರು ಹೇಳುತ್ತಿದ್ದುದರಿಂದ ಬೀದಿಯವರೆಲ್ಲ ಅವನನ್ನು ಅಳತೆಯಣ್ಣ ಎನ್ನುತ್ತಿದ್ದರು. ಮಾತುಗಾರ. ಬಿಗಿ ಎನ್ನುವ ಗಿರಾಕಿಗೆ, ಇದೂ ಸಂಸಾರದ ಹಾಗೇ, ಹೋಗ್ತಾ ಹೋಗ್ತಾ ಹೊಂದಿಕೊಳ್ಳುತ್ತೆ ಎಂದು ನಗಿಸಿ ಕಳಿಸುತ್ತಿದ್ದ.

ಮೊದಲ ಹೆಂಡತಿಗೆ ಏಳು ತಿಂಗಳಾದಾಗ ಅವಳ ಚಪ್ಪಲಿ ಬಿಗಿಯಾಯಿತು. ಬಸುರಿಯ ಕಾಲು ಊದುವುದು ಸಹಜವೆಂದು ದೊಡ್ಡ ಜೋಡಿ ತಂದುಕೊಟ್ಟ. ಆಮೇಲೆ ತಲೆನೋವು ಶುರುವಾಯಿತು, ಕಣ್ಣು ಮಂಜಾಯಿತು. ಆಸ್ಪತ್ರೆಗೆ ಹೊರಡುವಷ್ಟರಲ್ಲಿ ಫಿಟ್ಸ್ ಬಂದು, ಹೊಟ್ಟೆಯ ಮಗುವಿನೊಂದಿಗೆ ಅವಳೂ ಹೋಗಿಬಿಟ್ಟಳು. ರಕ್ತದೊತ್ತಡ ವಿಪರೀತ ಏರಿತ್ತೆಂದು ಡಾಕ್ಟರರು ಹೇಳಿದರು.

ಅಂದಿನಿಂದ ಬಸುರಿಯರು ಒಂದು ನಂಬರು ದೊಡ್ಡದು ಕೇಳಿದರೆ, ಬಿಪಿ ತೋರಿಸಿದಿರಾ ಎಂದು ಕೇಳದೆ ಡಬ್ಬಿ ತೆರೆಯುತ್ತಿರಲಿಲ್ಲ. ಕೆಲವರು ಮುಖ ಸಿಂಡರಿಸಿ ಎದ್ದುಹೋದರು. ತೀರಿಕೊಂಡವಳ ಹೆಜ್ಜೆ ಅಂಗಡಿಯ ಮೆಟ್ಟಿಲಲ್ಲಿ ಕೇಳಿದಂತಾಗಿ ಎಷ್ಟೋ ಸಲ ತಲೆಯೆತ್ತಿದ್ದುಂಟು.

ವರ್ಷಗಳ ನಂತರ ಅಕ್ಕನ ಒತ್ತಾಯಕ್ಕೆ ಮತ್ತೆ ಮದುವೆಯಾದ. ಎರಡನೆಯವಳು ಬಸುರಿಯಾದಾಗ ಮೊದಲ ತಪಾಸಣೆಯಲ್ಲೇ ಹಳೆಯದನ್ನೆಲ್ಲ ಹೇಳಿದ. ಪ್ರಿಎಕ್ಲಾಂಪ್ಸಿಯ ಎಂಬ ಆ ಕಾಯಿಲೆಯ ಮೂಲವನ್ನೇ ಹುಡುಕುತ್ತಿದ್ದ ಡಾಕ್ಟರಮ್ಮ ಸಂಶೋಧನೆಗೆಂದು ಅವನ ರಕ್ತವನ್ನೂ ಕೇಳಿದರು. ಹೊಟ್ಟೆಯಲ್ಲಿ ಮಗುವನ್ನು ಪೋಷಿಸುವ ಮಾಸು ತಾಯಿಯದೊಂದೇ ಅಲ್ಲ, ತಂದೆಯ ಅಂಶವೂ ಸೇರಿ ಬೆಳೆಯುತ್ತದೆ. ಗರ್ಭಕೋಶದ ರಕ್ತನಾಳಗಳು ಸರಿಯಾಗಿ ಹಿಗ್ಗದಿದ್ದರೆ ಮಾಸಿಗೆ ರಕ್ತ ಸಾಲದೆ, ಅದರಿಂದ ಹೊರಟ ವಸ್ತುಗಳು ತಾಯಿಯ ಮೈಯನ್ನೆಲ್ಲ ಕೆಡಿಸುತ್ತವೆ ಎಂದು ವಿವರಿಸಿದರು.

ಅವನು ಕುರ್ಚಿಯ ಅಂಚಿಗೆ ಸರಿದ. "ಹಾಗಾದ್ರೆ ಅವಳ ಸಾವು ನನ್ನಿಂದ್ಲೇ ಬಂತಾ?"

"ನಿಮ್ಮ ಪಾಲು ಇದ್ದಿರಬಹುದು, ಇಲ್ಲದೇನೂ ಇರಬಹುದು. ತಪ್ಪಂತೂ ಅಲ್ಲ. ನಮಗೇ ಇನ್ನೂ ಪೂರ್ತಿ ಗೊತ್ತಿಲ್ಲ, ಅದಕ್ಕೇ ಕೇಳ್ತಿರೋದು."

ತೋಳು ಚಾಚಿದ. ಕೊಳವೆ ತುಂಬುತ್ತಿದ್ದ ರಕ್ತವನ್ನು ಯಾರದೋ ಎಂಬಂತೆ ನೋಡಿದ. ಮನೆಯಲ್ಲಿ ಹೆಂಡತಿಯ ಪಕ್ಕ ಕೂರಲೂ ಅಂಜಿದ. ಅವಳೇ ಕೈಹಿಡಿದು ಕೂರಿಸಿದಳು. "ಆಗೋದು ಆಗಿ ಮೂರು ತಿಂಗಳಾಯ್ತು. ಈಗ ದೂರ ಕೂತು ಏನ್ ಬಂತು?"

ಡಾಕ್ಟರಮ್ಮ ಆರಂಭದಿಂದಲೇ ಮಾತ್ರೆ ಕೊಟ್ಟು ಕಣ್ಣಿಟ್ಟಿದ್ದರು. ಆದರೂ ಎಂಟನೇ ತಿಂಗಳಲ್ಲಿ ಒತ್ತಡ ಏರಿತು; ತಡಮಾಡದೆ ಆಪರೇಷನ್ ಮಾಡಿ ಹೆಣ್ಣುಮಗುವನ್ನು ಹೊರತೆಗೆದರು. ಇಬ್ಬರೂ ಉಳಿದರು. ಹೆಂಡತಿ ಒಪ್ಪಿದ್ದರಿಂದ ಮಾಸು ಸಂಶೋಧನೆಗೆ ಹೋಯಿತು.

ಮಗು ಮನೆಗೆ ಬಂದ ಮೇಲೆ, ಒಂದು ಮಧ್ಯಾಹ್ನ ಮೊದಲ ಹೆಂಡತಿಯ ತಾಯಿ ಬಂದರು. ಮಗಳು ಹೋದ ಮೇಲೆ ಅವನ ಹೊಸ್ತಿಲು ತುಳಿದವರಲ್ಲ. ಡಾಕ್ಟರಮ್ಮ ಹೇಳಿದ್ದನ್ನೆಲ್ಲ ಅವನು ಬಚ್ಚಿಡದೆ ತಿಳಿಸಿದ. ಅತ್ತೆ ಬೈಯಲಿಲ್ಲ. ಬಗ್ಗಿ ಮಗುವಿನ ಮುಖ ನೋಡಿದರು.

"ನನ್ನ ಮಗಳ ಕೂಸು ಉಳಿದಿದ್ರೆ ಹೀಗೇ ಇರ್ತಿತ್ತೇನಪ್ಪ?"

ಅವನು ಮಗುವನ್ನು ಅವರ ಮಡಿಲಿಗೆ ಹಾಕಿ ಎದುರಿಗೇ ನೆಲದ ಮೇಲೆ ಕುಳಿತ.